ಅರ್ಧ ಎಂಜಿಎ, ಅರ್ಧ ಅಂಬಾಸಿಡರ್: ಒಂದು 1489 ಸಿಸಿ ಎಂಜಿನ್ ಮತ್ತೆ ಕಟ್ಟಿದ ಪ್ರಕರಣ

1957ರ ಎಂಜಿಎ 1500, ಬ್ರಿಟನ್ನಿನ ಎಂಜಿ ಕಂಪನಿಯ ಸ್ಪೋರ್ಟ್ಸ್ ಕಾರು. ಚಿಕ್ಕಮಗಳೂರು ಕಡೆಯ ಒಂದು ಕಾಫಿ ತೋಟದ ಶೆಡ್ಡಿನಲ್ಲಿ ದಶಕಗಳ ಕಾಲ ನಿಂತಿದ್ದ ಕಾರು. ಬಾಡಿ, ಚಾಸಿಸ್ ಎರಡೂ ಉಳಿದಿದ್ದವು. ಎಂಜಿನ್ ಮಾತ್ರ ಕಾರಿನೊಳಗೆ ಇರಲಿಲ್ಲ. ಅದು ಗೋಣಿಚೀಲಗಳಲ್ಲಿ, ಮರದ ಪೆಟ್ಟಿಗೆಗಳಲ್ಲಿ, ಟಾರ್ಪಾಲಿನ ಅಡಿಯಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು. ಅದೂ ಒಂದೇ ಎಂಜಿನ್ ಅಲ್ಲ, ಎಂಜಿಎಯದ್ದೂ ಅಂಬಾಸಿಡರ್‌ದೂ ಸೇರಿ ಯಾವುದು ಯಾವುದರದ್ದು ಅಂತ ಗೊತ್ತಾಗದ ರಾಶಿ. ಕಾರು ಗೆಳೆಯನ ಮನೆಯವರದ್ದು. ಎಂಜಿನ್ ಜೋಡಿಸುವ ಹೊಣೆ ನನ್ನದು, ಮೆಷಿನಿಂಗ್ ಎಲ್ಲ ಬೆಂಗಳೂರಿನಲ್ಲಿ.

ಹಳೆಯ ಸ್ಪೋರ್ಟ್ಸ್ ಕಾರಿಗೆ ಬೇರೆ ಕಾರಿನ ಭಾಗ ಹಾಕಬಾರದು ಅನ್ನುವವರು ಇದ್ದಾರೆ. ಓಡಿದರೆ ಸಾಕು, ಏನು ಬೇಕಾದರೂ ಹಾಕಿ ಅನ್ನುವವರೂ ಇದ್ದಾರೆ. ನಾನು ಮೊದಲ ದಿನವೇ ಗೆಳೆಯನಿಗೆ ಹೇಳಿದ್ದು ಇಷ್ಟೇ. ಭಾಗಗಳನ್ನು ಬೆರೆಸೋಣ, ಆದರೆ ಕೊರೆಯುವುದು, ಕತ್ತರಿಸುವುದು, ಉಜ್ಜುವುದು ಏನಿದ್ದರೂ ಅಂಬಾಸಿಡರ್ ಭಾಗಗಳ ಮೇಲೆ. ಎಂಜಿಎ ಭಾಗ ಹಾಳಾಗಿದ್ದರೂ ಸರಿ, ಅದನ್ನು ಬಲಿ ಕೊಡುವುದು ಬೇಡ. ಈ ಕೆಲಸದಲ್ಲಿ ಎದುರಾದ ಪ್ರತಿ ಪ್ರಶ್ನೆಗೂ ನಾವು ಉತ್ತರ ಹುಡುಕಿದ್ದು ಈ ಮಾತಿನ ಮೇಲೆಯೇ.

ಅಂಬಾಸಿಡರ್ ಇಲ್ಲಿಗೆ ಯಾಕೆ ಬಂತು ಅಂತ ಕೇಳಬಹುದು. ಎರಡೂ ಒಂದೇ ಮನೆತನದ ಎಂಜಿನ್, ಅದಕ್ಕೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಅಂದರೆ ಬಿಎಂಸಿ, ತನ್ನ ಬಿ-ಸೀರೀಸ್ ಎಂಜಿನ್ ಅನ್ನು ಹತ್ತಾರು ಕಾರುಗಳಿಗೆ ಹಾಕಿತು. ಮಾರಿಸ್ ಆಕ್ಸ್‌ಫರ್ಡ್‌ಗೂ ಅದೇ, ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಎಗೂ ಅದೇ. ಆಕ್ಸ್‌ಫರ್ಡ್‌ನ ಮೂರನೇ ಸರಣಿಯೇ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಅಂಬಾಸಿಡರ್ ಆಯಿತು. ಬೋರ್ ಅಂದರೆ ಸಿಲಿಂಡರ್ ಅಗಲ 73 ಮಿಲಿಮೀಟರ್, ಸ್ಟ್ರೋಕ್ ಅಂದರೆ ಪಿಸ್ಟನ್ ಓಡಾಡುವ ಉದ್ದ 88.9 ಮಿಲಿಮೀಟರ್, 1489 ಸಿಸಿ. ಕ್ರ್ಯಾಂಕ್ ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಅದನ್ನು ಹಿಡಿಯಲು ಮೂರು ಮೇನ್ ಬೇರಿಂಗ್. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಬೀಳುವ ಸರದಿ, 1-3-4-2. ಜರ್ನಲ್ ಅಂದರೆ ಕ್ರ್ಯಾಂಕ್ ಮೇಲೆ ಬೇರಿಂಗ್ ಕೂರುವ ದುಂಡು ಭಾಗ. ಮೇನ್ ಜರ್ನಲ್ 2 ಇಂಚು, ಕನೆಕ್ಟಿಂಗ್ ರಾಡ್ ಹಿಡಿಯುವ ಬಿಗ್ ಎಂಡ್ ಜರ್ನಲ್ ಒಂದೂ ಮುಕ್ಕಾಲಕ್ಕಿಂತ ಸ್ವಲ್ಪ ಜಾಸ್ತಿ, 1.875 ಇಂಚು. ಕೆಳಗಿನ ಅರ್ಧ ನೋಡಿದರೆ ಅಣ್ಣತಮ್ಮಂದಿರು.

1955ರಿಂದ 1962ರವರೆಗೆ ತಯಾರಾದ ಎಂಜಿಎಗಳು ಒಟ್ಟು 1,01,081. ಬಹುಪಾಲು ಬ್ರಿಟನ್ನಿನಿಂದ ಹೊರಗೆ, ಅದರಲ್ಲೂ ಅಮೆರಿಕಕ್ಕೆ ಹೋದವು. ಭಾರತಕ್ಕೆ ಬಂದದ್ದು ಬಹಳ ಕಡಿಮೆ. ಅಂಬಾಸಿಡರ್ ಮಾತ್ರ 2014ರವರೆಗೂ ತಯಾರಾಯಿತು. ಹಳೆಯ 1489 ಸಿಸಿ ಎಂಜಿನ್‌ನ ಬೇರಿಂಗ್, ರಿಂಗ್, ಗ್ಯಾಸ್ಕೆಟ್ ಇವತ್ತಿಗೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿದರೆ ಸಿಗುತ್ತವೆ. ಗುಜರಿ ಭಾಗ ಬೇಕಾದರೆ ಶಿವಾಜಿನಗರ. ಈ ಅನುಕೂಲ ಬೇರೆ ಎಷ್ಟೋ ದೇಶಗಳ ಎಂಜಿಎ ಮಾಲೀಕರಿಗೆ ಇಲ್ಲ.

ರಾಶಿಯಲ್ಲಿ ಏನಿತ್ತು

ಮೂಲ ಎಂಜಿಎ ಬ್ಲಾಕ್ ಇತ್ತು. ಬಿಪಿ15ಜಿಬಿ ಅಂತ ಶುರುವಾಗುವ ನಂಬರ್ ಪ್ಲೇಟ್ ಅದರ ಮೇಲೆ ಇನ್ನೂ ಉಳಿದಿತ್ತು. ಮೂರನೇ ಸಿಲಿಂಡರ್‌ನ ಕನೆಕ್ಟಿಂಗ್ ರಾಡ್ ಯಾವತ್ತೋ ಮುರಿದು ಬ್ಲಾಕ್ ಗೋಡೆಯನ್ನು ಒಡೆದು ಹೊರಗೆ ಬಂದಿದೆ. ಅಂಗೈ ಅಗಲದ ತೂತು. ಕಾರು ನಿಂತುಹೋಗಲು ಕಾರಣ ಅದೇ.

ಎಂಜಿಎ ಸಿಲಿಂಡರ್ ಹೆಡ್ ಇತ್ತು, ಮೇಲೆ 15 ಅಂತ ಎರಕದಲ್ಲೇ ಮೂಡಿದ ಅಂಕಿ. ಅವಳಿ ಎಸ್‌ಯು ಎಚ್4 ಕಾರ್ಬ್ಯುರೇಟರ್‌ಗಳು ಇದ್ದವು, ಒಂದೂವರೆ ಇಂಚಿನವು. ಎಂಜಿಎ ಕ್ರ್ಯಾಂಕ್, ಉಳಿದ ಮೂರು ರಾಡ್‌ಗಳು, ಫ್ರಂಟ್ ಪ್ಲೇಟ್, ಹಿಂದಿನ ಪ್ಲೇಟ್, ಆಯಿಲ್ ನಿಲ್ಲುವ ಸಂಪ್, ಪ್ಲಗ್‌ಗಳಿಗೆ ಕಿಡಿ ಹಂಚುವ ಲೂಕಾಸ್ ಡಿಸ್ಟ್ರಿಬ್ಯೂಟರ್. ಇವು ಒಂದು ಕಡೆ. ಇನ್ನೊಂದು ಕಡೆ ಒಂದು ಅಂಬಾಸಿಡರ್ ಬ್ಲಾಕ್, ಅದರ ಕ್ರ್ಯಾಂಕ್, ನಾಲ್ಕು ರಾಡ್, ವಾಲ್ವ್ ತೆರೆಯುವ ಒಂದು ಕ್ಯಾಮ್‌ಶಾಫ್ಟ್, ಹಳೆಯ ಪಿಸ್ಟನ್‌ಗಳು.

ಅಂಬಾಸಿಡರ್ ಬ್ಲಾಕ್‌ನಲ್ಲಿ ಕ್ರ್ಯಾಂಕ್ ಕೂರಿಸಿ, ಮೇನ್ ಬೇರಿಂಗ್‌ಗಳನ್ನು ಕೆಳಗಿನಿಂದ ಹಿಡಿಯುವ ಮೇನ್ ಕ್ಯಾಪ್‌ಗಳನ್ನು ಬಿಗಿ ಮಾಡಿ ಯಾರೋ ಅಲ್ಲಿಗೇ ಬಿಟ್ಟಿದ್ದರು. ಹಿಂದೆ ಒಂದು ವರ್ಕ್‌ಶಾಪ್‌ಗೆ ಕೊಟ್ಟಿದ್ದರಂತೆ. ಅರ್ಧ ಮಾಡಿ ವಾಪಸ್ ಕಳಿಸಿದ್ದಾರೆ. ಯಾಕೆ ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಕ್ರ್ಯಾಂಕ್ ಕೈಯಲ್ಲಿ ತಿರುಗಲಿಲ್ಲ. ಸ್ಪ್ಯಾನರ್ ಹಾಕಿದರೂ ತಿರುಗಲಿಲ್ಲ.

ತುಕ್ಕು ಇರಬಹುದು ಅಂತ ಎಣ್ಣೆ ಬಿಟ್ಟು ಕಾಯಬಹುದಿತ್ತು. ಆದರೆ ಮುಂದಿನ ಕ್ಯಾಪ್ ಸಡಿಲ ಮಾಡಿದರೂ ಹಾಗೇ ಇತ್ತು, ಹಿಂದಿನದು ಸಡಿಲ ಮಾಡಿದರೂ ಹಾಗೇ. ಮಧ್ಯದ್ದು ಸಡಿಲ ಮಾಡಿದ ಕೂಡಲೇ ಬೆರಳಲ್ಲಿ ತಿರುಗಿತು. ಕ್ಯಾಪ್ ಮತ್ತು ಬ್ಲಾಕ್ ಸೇರುವ ಗೆರೆಯ ಮೇಲೆ ಉಗುರು ಎಳೆದರೆ ಮೆಟ್ಟಿಲು ತಾಗುತ್ತಿತ್ತು. ಆಮೇಲೆ ಮೂಲ ಎಂಜಿಎ ಬ್ಲಾಕ್ ಮಗುಚಿ ನೋಡಿದರೆ ಅದಕ್ಕೆ ಎರಡೇ ಕ್ಯಾಪ್, ಮಧ್ಯದ್ದು ಇಲ್ಲ. ಕಥೆ ಗೊತ್ತಾಯಿತಲ್ವಾ. ಅಂಬಾಸಿಡರ್ ಬ್ಲಾಕ್‌ನ ಮಧ್ಯದ ಕ್ಯಾಪ್ ಎಲ್ಲೋ ಕಳೆದುಹೋಗಿದೆ, ಒಡೆದ ಎಂಜಿಎ ಬ್ಲಾಕ್‌ನ ಕ್ಯಾಪ್ ತೆಗೆದು ಇದಕ್ಕೆ ಹಾಕಿದ್ದಾರೆ.

ಬೋಲ್ಟ್ ಜಾಗ ಒಂದೇ, ನೋಡಲು ಒಂದೇ ಥರ. ಆದರೆ ಮೇನ್ ಕ್ಯಾಪ್ ಅನ್ನೋದು ಬ್ಲಾಕ್‌ನಿಂದ ಬ್ಲಾಕ್‌ಗೆ ಬದಲಾಯಿಸುವ ವಸ್ತು ಅಲ್ಲ. ಕಾರ್ಖಾನೆಯಲ್ಲಿ ಕ್ಯಾಪ್‌ಗಳನ್ನು ಬ್ಲಾಕ್‌ಗೆ ಬಿಗಿದು, ಬೇರಿಂಗ್ ಕೂರುವ ಮೂರೂ ಗೂಡುಗಳನ್ನು ಒಂದೇ ನೇರದಲ್ಲಿ ಒಟ್ಟಿಗೇ ಕೊರೆಯುತ್ತಾರೆ. ಆ ಬ್ಲಾಕ್‌ಗೆ ಆ ಕ್ಯಾಪ್, ಅಷ್ಟೇ. ಎರಡು ಮೂರು ಥೌ ಆಚೀಚೆ ಆದರೂ ಬೇರಿಂಗ್ ಶೆಲ್ ಜರ್ನಲನ್ನು ಹಿಡಿದುಕೊಳ್ಳುತ್ತದೆ. ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ, ಹಳೆಯ ಮಿಸ್ತ್ರಿಗಳು ಈಗಲೂ ಇದರಲ್ಲೇ ಮಾತಾಡುತ್ತಾರೆ. ಆ ವರ್ಕ್‌ಶಾಪ್‌ನವರು ಅಲ್ಲಿಗೆ ನಿಲ್ಲಿಸಿದ್ದೇ ಒಳ್ಳೆಯದಾಯಿತು. ಬಲವಂತವಾಗಿ ಓಡಿಸಿದ್ದರೆ ಎರಡನೇ ಬ್ಲಾಕೂ ಹೋಗುತ್ತಿತ್ತು.

ಕ್ಯಾಪ್‌ಗೆ ದಾರಿ

ಸುಲಭದ ದಾರಿ ಒಂದಿತ್ತು. ಎಂಜಿಎ ಕ್ಯಾಪ್‌ನ ಮುಖದಿಂದ ಕೆಲವು ಥೌ ಉಜ್ಜಿ ತೆಗೆದು, ಅಂಬಾಸಿಡರ್ ಬ್ಲಾಕ್‌ಗೆ ಬಿಗಿದು, ಲೈನ್ ಬೋರಿಂಗ್, ಅಂದರೆ ಗೂಡುಗಳನ್ನು ಒಂದೇ ನೇರಕ್ಕೆ ಮತ್ತೆ ಕೊರೆಯುವ ಕೆಲಸ, ಮಾಡಿಸುವುದು. ಲೈನ್ ಬೋರಿಂಗ್ ಗೊತ್ತಿರುವ ಅಂಗಡಿ ಬೆಂಗಳೂರಿನಲ್ಲಿ ಇದೆ, ಬೇಗ ಮುಗಿಯುತ್ತಿತ್ತು. ಮೆಷಿನಿಸ್ಟ್ ಕೂಡ ಅದನ್ನೇ ಹೇಳಿದರು.

ಆದರೆ ಹಾಗೆ ಮಾಡಿದರೆ ಮೂಲ ಬ್ಲಾಕ್ ತನ್ನ ಕ್ಯಾಪನ್ನು ಶಾಶ್ವತವಾಗಿ ಕಳೆದುಕೊಳ್ಳುತ್ತದೆ. ಮುಂದೆ ಅದರ ತೂತು ಮುಚ್ಚಿಸಿ ಉಪಯೋಗಿಸುತ್ತೇವೆ ಅಂತ ಇಟ್ಟುಕೊಳ್ಳಿ, ಆಗ ಅದಕ್ಕೂ ಇದೇ ಗತಿ. ಹಾಗಾಗಿ ಶಿವಾಜಿನಗರದ ಗುಜರಿಯಲ್ಲಿ ಸತ್ತ ಅಂಬಾಸಿಡರ್ ಎಂಜಿನ್ ಒಂದರಿಂದ ಮಧ್ಯದ ಕ್ಯಾಪ್ ತಂದೆವು. ಅದರ ಮುಖ ಉಜ್ಜಿ, 70 ಪೌಂಡ್-ಅಡಿ ಟಾರ್ಕ್‌ಗೆ ಬಿಗಿದು, ಮಧ್ಯದ ಗೂಡನ್ನು ಮಾತ್ರ ಕೊರೆಸಿದೆವು. ಮುಂದಿನ ಮತ್ತು ಹಿಂದಿನ ಗೂಡು ಸರಿಯಾಗಿದ್ದವು, ಅವುಗಳ ನೇರ ಹಿಡಿದೇ ಬಾರ್ ಸೆಟ್ ಮಾಡಿದರು.

ಹಿಂದಿನ ಗೂಡನ್ನು ಮುಟ್ಟದಿರಲು ಇನ್ನೊಂದು ಕಾರಣ ಇತ್ತು. ಈ ಎಂಜಿನ್‌ಗೆ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಕ್ರ್ಯಾಂಕ್ ಮೇಲೆ ಸುರುಳಿಯಾಗಿ ಕೊರೆದ ಗೆರೆ ಇದೆ, ಅದು ತಿರುಗುವಾಗ ಆಯಿಲನ್ನು ಒಳಕ್ಕೆ ತಳ್ಳುತ್ತದೆ. ಆ ಸುರುಳಿಗೂ ಅದರ ಸುತ್ತಲಿನ ಗೂಡಿಗೂ ನಡುವೆ ಕೆಲವೇ ಥೌ ಜಾಗ. ಅಲ್ಲಿ ಜಾಸ್ತಿ ಆದರೆ ಕ್ಲಚ್ ಮೇಲೆ ಆಯಿಲ್ ಸುರಿಯುತ್ತದೆ, ಕಡಿಮೆ ಆದರೆ ಲೋಹಕ್ಕೆ ಲೋಹ ತಾಗುತ್ತದೆ.

ಮಧ್ಯದ ಬೇರಿಂಗ್‌ಗೆ ಇನ್ನೊಂದು ಜವಾಬ್ದಾರಿಯೂ ಇದೆ. ಕ್ರ್ಯಾಂಕ್ ಹಿಂದೆ ಮುಂದೆ ಜಾರದಂತೆ ಹಿಡಿಯುವ ಥ್ರಸ್ಟ್ ವಾಷರ್‌ಗಳು ಅಲ್ಲೇ ಕೂರುತ್ತವೆ. ಬೇರೆ ಕ್ಯಾಪ್ ತಂದಾಗ ಅದರ ಪಕ್ಕದ ಮುಖಗಳು ಬ್ಲಾಕ್‌ನ ಮುಖಗಳಿಗೆ ಸಮ ಇರಬೇಕು. ನಮ್ಮದು ಒಂದು ಕಡೆ ಸ್ವಲ್ಪ ಹೊರಗೆ ಇತ್ತು, ಅದನ್ನೂ ಮೆಷಿನ್ ಮಾಡಿಸಿದೆವು. ಕೊನೆಗೆ ಎಂಡ್ ಫ್ಲೋಟ್, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಜಾರುವ ಅಳತೆ, ಮೂರು ಥೌ ಬಂತು.

ಯಾವ ಕ್ರ್ಯಾಂಕ್

ಮನಸ್ಸಿಗೆ ಎಂಜಿಎ ಕ್ರ್ಯಾಂಕೇ ಬೇಕಿತ್ತು. ಬಿರುಕು ಪರೀಕ್ಷೆ ಮಾಡಿಸಿದಾಗ ಮೂರನೇ ಬಿಗ್ ಎಂಡ್ ಜರ್ನಲ್‌ನ ಮೂಲೆಯಲ್ಲಿ ಕೂದಲೆಳೆ ಬಿರುಕು ಕಾಣಿಸಿತು. ರಾಡ್ ಮುರಿದ ಸಿಲಿಂಡರೇ ಅದು. ಅಲ್ಲಿಗೆ ಆ ಕ್ರ್ಯಾಂಕ್ ಕಥೆ ಮುಗಿಯಿತು, ಬಿರುಕು ಬಿಟ್ಟ ಕ್ರ್ಯಾಂಕ್ ಜೊತೆ ಮಾತುಕತೆ ಇಲ್ಲ.

ಅಂಬಾಸಿಡರ್ ಕ್ರ್ಯಾಂಕ್ ಮೊದಲೊಮ್ಮೆ 10 ಥೌ ಗ್ರೈಂಡ್ ಆಗಿತ್ತು. ಸವೆತ ಇತ್ತು, ಬಿರುಕು ಇರಲಿಲ್ಲ. 20 ಥೌಗೆ ಗ್ರೈಂಡ್ ಮಾಡಿಸಿದೆವು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಗ್ರೈಂಡರ್‌ಗೆ ಕೊಡುವಾಗ ಅಳತೆ ಮಾತ್ರ ಹೇಳಿದರೆ ಸಾಲದು, ಜರ್ನಲ್ ಮತ್ತು ಅದರ ಪಕ್ಕದ ಗೋಡೆ (ವೆಬ್) ಸೇರುವ ಮೂಲೆಯ ದುಂಡು ಉಳಿಸಿ ಅಂತ ಬರೆದು ಕೊಡಿ. ಆ ದುಂಡನ್ನು ಚೂಪಾದ ಮೂಲೆ ಮಾಡಿದರೆ ಬಿರುಕು ಹುಟ್ಟುವುದೇ ಅಲ್ಲಿಂದ. ಮೂರೇ ಬೇರಿಂಗ್ ಮೇಲೆ ನಿಂತ ಉದ್ದದ ಕ್ರ್ಯಾಂಕ್ ಇದು, ಜಾಸ್ತಿ ವೇಗದಲ್ಲಿ ಬಾಗುತ್ತದೆ. ಇದೇ ಮನೆತನದ ಎಂಜಿಬಿ 1798 ಸಿಸಿ ಎಂಜಿನ್‌ಗೆ 1964ರಲ್ಲಿ ಐದು ಬೇರಿಂಗ್ ಕೊಟ್ಟರು, ಅದರ ಲಾಭ ನಮಗಿಲ್ಲ.

ಗ್ರೈಂಡ್ ಆದ ಮೇಲೆ ಆಯಿಲ್ ದಾರಿಗಳನ್ನೆಲ್ಲ ಸಣ್ಣ ಬ್ರಷ್ ಹಾಕಿ, ಸೀಮೆಎಣ್ಣೆ ಮತ್ತು ಗಾಳಿ ಹೊಡೆದು ತೊಳೆದೆವು. ಗ್ರೈಂಡಿಂಗ್ ಪುಡಿ ಒಳಗೆ ಉಳಿದರೆ ಹೊಸ ಬೇರಿಂಗ್ ಮೊದಲ ಗಂಟೆಯಲ್ಲೇ ಗೀಚಿಕೊಳ್ಳುತ್ತದೆ.

20 ಥೌ ಅಂಡರ್‌ಸೈಜ್ ಬೇರಿಂಗ್ ಜೆ.ಸಿ. ರಸ್ತೆಯಲ್ಲೇ ಸಿಕ್ಕಿತು. ಪೆಟ್ಟಿಗೆ ಮೇಲಿನ ಅಂಕಿ ನಂಬದೆ ಸಂದು ಅಳೆಯುವ ಪ್ಲಾಸ್ಟಿಗೇಜ್ ಎಳೆ ಇಟ್ಟು ಬಿಗಿದು ನೋಡಿದೆವು. ಮೇನ್‌ಗಳಲ್ಲಿ ಒಂದೂವರೆ ಥೌ. ಚೆನ್ನಾಗಿದೆ.

ಗೇರ್‌ಬಾಕ್ಸ್ ಎಂಜಿಎಯದ್ದು. ಅದರ ಶಾಫ್ಟ್ ಮೂತಿ ಕ್ರ್ಯಾಂಕ್ ಹಿಂದಿನ ಬುಷ್‌ನಲ್ಲಿ ಕೂರಬೇಕು. ಈ ಕ್ರ್ಯಾಂಕ್‌ನಲ್ಲಿ ಅದು ಸಡಿಲ ಇತ್ತು, ಫಾಸ್ಫರ್ ಬ್ರಾಂಜ್ ಬುಷ್ ಲೇತ್‌ನಲ್ಲಿ ಮಾಡಿಸಿ ಹಾಕಿದೆವು. ಎಂಜಿಎ ಫ್ಲೈವ್ಹೀಲ್, ಎಂಜಿಎ ಹಿಂದಿನ ಪ್ಲೇಟ್. ಹಿಂದಿನ ಪ್ಲೇಟ್ ವಿಷಯದಲ್ಲಿ ಎಚ್ಚರ ಬೇಕು, 1500 ಮತ್ತು 1600 ಎಂಜಿಎಗಳಲ್ಲೇ ಸ್ಟಾರ್ಟರ್ ಮೋಟಾರ್ ಕೂರುವ ಜಾಗ ಬೇರೆ ಬೇರೆ. ಕ್ರ್ಯಾಂಕ್, ಫ್ಲೈವ್ಹೀಲ್, ಕ್ಲಚ್ ಮೂರನ್ನೂ ಸೇರಿಸಿ ಬ್ಯಾಲೆನ್ಸ್ ಮಾಡಿಸಿದೆವು. ಬೇರೆ ಬೇರೆ ಕಾರಿನಿಂದ ಬಂದವು ಸೇರುವಾಗ ಈ ಕೆಲಸ ಬಿಡುವ ಹಾಗೇ ಇಲ್ಲ.

ಪಿಸ್ಟನ್ ಲೆಕ್ಕ

ಈ ಎಂಜಿನ್ ಎಂಜಿಎ ಆಗಿ ಉಳಿಯುತ್ತೋ ಅಂಬಾಸಿಡರ್ ಆಗುತ್ತೋ ಅನ್ನುವುದು ಇಲ್ಲಿಂದ ಮೇಲಕ್ಕೆ ತೀರ್ಮಾನ ಆಗುತ್ತದೆ.

ಬ್ಲಾಕ್ ಮೊದಲೇ 20 ಥೌ ರೀಬೋರ್ ಆಗಿ ಸವೆದಿತ್ತು. 40 ಥೌಗೆ ಹೋಗಬೇಕಾಯಿತು. ಬೋರ್ 74.04 ಮಿಲಿಮೀಟರ್ ಆಯಿತು, ಒಂದು ಸಿಲಿಂಡರ್‌ಗೆ ಸುಮಾರು 382.8 ಸಿಸಿ, ಒಟ್ಟು 1531 ಸಿಸಿ. 40 ಥೌ ಅಂಬಾಸಿಡರ್ ಪಿಸ್ಟನ್ ಸೆಟ್ ಇಲ್ಲೇ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದನ್ನು ಯಾಕೆ ಹಾಕಲಿಲ್ಲ?

ಆ ಪಿಸ್ಟನ್ ತಲೆ ತಗ್ಗಾಗಿದೆ. ಕಡಿಮೆ ಆಕ್ಟೇನ್ ಪೆಟ್ರೋಲ್ ಕಾಲದಲ್ಲಿ, ತುಂಬಿದ ಟ್ಯಾಕ್ಸಿ ಎಳೆಯಲಿಕ್ಕೆ ಮಾಡಿದ ಎಂಜಿನ್ ಅದು, ಕಂಪ್ರೆಷನ್, ಅಂದರೆ ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಹಿಸುಕುವ ಪ್ರಮಾಣ, ಕಡಿಮೆ ಇಟ್ಟಿದ್ದು ಸರಿಯೇ. ಎಂಜಿಎ 1500ರ ಕಂಪ್ರೆಷನ್ 8.3:1. ಲೆಕ್ಕ ಹಾಕಿ ನೋಡಿ. ನಮ್ಮ ಹೆಡ್‌ನ ಚೇಂಬರ್‌ಗಳನ್ನು ಬ್ಯೂರೆಟ್‌ನಿಂದ ತುಂಬಿಸಿ ಅಳೆದಾಗ ಒಂದೊಂದೂ 38 ಸಿಸಿ ಆಸುಪಾಸು ಬಂತು. ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ಮೇಲೆ ಉಳಿಯುವ ಜಾಗ ಎಲ್ಲ ಸೇರಿಸಿ ಎಂಜಿಎ ಪಿಸ್ಟನ್ ಹಾಕಿದರೆ 51 ಸಿಸಿ, ಅಂಬಾಸಿಡರ್ ಪಿಸ್ಟನ್ ಹಾಕಿದರೆ 60 ಸಿಸಿ. ಮೊದಲನೆಯದಕ್ಕೆ 8.5:1, ಎರಡನೆಯದಕ್ಕೆ 7.4:1. ಬರೀ ಒಂಬತ್ತು ಸಿಸಿ ವ್ಯತ್ಯಾಸ, ಆದರೆ ಆಕ್ಸಿಲರೇಟರ್ ಒತ್ತಿದಾಗ ಕಾರು ಮುಂದಕ್ಕೆ ಹಾರುತ್ತೋ, ಸುಮ್ನೆ ಗೊರಗುಟ್ಟುತ್ತೋ ಅನ್ನುವುದು ಅದರ ಮೇಲಿದೆ.

ಹೆಡ್ ಉಜ್ಜಿ ಕಂಪ್ರೆಷನ್ ಏರಿಸಬಹುದು ಅಂತ ಒಬ್ಬರು ಹೇಳಿದರು. ಒಂಬತ್ತು ಸಿಸಿ ಉಜ್ಜುವುದು ಅಂದರೆ ಬಹಳ ಆಯಿತು, ಅದೂ ಅಪರೂಪದ ಎಂಜಿಎ ಹೆಡ್ ಮೇಲೆ. ಬೇಡ. ಪಿಸ್ಟನ್‌ಗಳನ್ನು ಇಂಗ್ಲೆಂಡಿನಿಂದ ತರಿಸಿದೆವು. ಎಂಜಿಎ ಭಾಗಗಳು ಅಲ್ಲಿ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ, ಸುಂಕ ಕಟ್ಟುವ ಮನಸ್ಸಿದ್ದರೆ ಬಹುತೇಕ ಎಲ್ಲವೂ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲೆ ಇರುವುದರಿಂದ ಗಾಳಿ ಸ್ವಲ್ಪ ತೆಳು, 8.5ಕ್ಕೆ ಈಗಿನ ಪೆಟ್ರೋಲ್‌ನಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿಯುವುದು) ಭಯ ಇಲ್ಲ.

ಎಂಜಿಎ ರಾಡ್ ಮೂರೇ ಉಳಿದಿದ್ದರಿಂದ ಅಂಬಾಸಿಡರ್‌ನ ನಾಲ್ಕು ರಾಡ್ ಹಾಕಿದೆವು. ಬಾಗಿದೆಯಾ, ತಿರುಚಿದೆಯಾ ನೋಡಿಸಿ, ತೂಕ ಸಮ ಮಾಡಿಸಿ, ಬೋಲ್ಟ್ ಎಲ್ಲ ಹೊಸದು. ಇಲ್ಲಿ ಪಿಸ್ಟನ್ ಅನ್ನು ರಾಡ್‌ಗೆ ಸೇರಿಸುವ ಗಜನ್ ಪಿನ್ ಅನ್ನು ರಾಡ್‌ನ ಸಣ್ಣ ತುದಿಯೇ ಒಂದು ಬೋಲ್ಟ್‌ನಿಂದ ಹಿಸುಕಿ ಹಿಡಿಯುತ್ತದೆ. ಆ ಬೋಲ್ಟ್ ಸಡಿಲ ಆದರೆ ಪಿನ್ ಜಾರಿ ಸಿಲಿಂಡರ್ ಗೋಡೆ ಸೀಳುತ್ತದೆ, ಹಳೆಯ ಬೋಲ್ಟ್ ಹಾಕಿ ಉಳಿತಾಯ ಮಾಡುವ ಜಾಗ ಅಲ್ಲ ಅದು.

ಕ್ಯಾಮ್ ಮತ್ತು ಆರ್‌ಪಿಎಂ ಮೀಟರ್

ರಾಶಿಯಲ್ಲಿದ್ದ ಕ್ಯಾಮ್‌ಶಾಫ್ಟ್ ಅಂಬಾಸಿಡರ್‌ದು. ಡಯಲ್ ಗೇಜ್ ಮತ್ತು ಡಿಗ್ರಿ ಚಕ್ರ ಇಟ್ಟು ಅಳೆದು ನೋಡಿಯೇ ಖಚಿತ ಮಾಡಿಕೊಂಡೆವು. ಸಲೂನ್, ಅಂದರೆ ಅಂಬಾಸಿಡರ್‌ನಂಥ ಮಾಮೂಲಿ ಕಾರಿನ ಕ್ಯಾಮ್‌ನಲ್ಲಿ ಇನ್ಲೆಟ್ ವಾಲ್ವ್, ಪಿಸ್ಟನ್ ಮೇಲಿನ ತುದಿ ಮುಟ್ಟುವ 5 ಡಿಗ್ರಿ ಮೊದಲು ತೆರೆದು, ಕೆಳಗಿನ ತುದಿ ದಾಟಿ 45 ಡಿಗ್ರಿಗೆ ಮುಚ್ಚುತ್ತದೆ. ಎಂಜಿಎಯಲ್ಲಿ 16 ಡಿಗ್ರಿ ಮೊದಲು ತೆರೆದು 56ಕ್ಕೆ ಮುಚ್ಚುತ್ತದೆ. 230 ಡಿಗ್ರಿ ಎಲ್ಲಿ, 252 ಡಿಗ್ರಿ ಎಲ್ಲಿ. ಹೆಡ್ ಎಂಜಿಎಯದ್ದು, ಇನ್ಲೆಟ್ ವಾಲ್ವ್ ಸಲೂನ್‌ಗಿಂತ ದೊಡ್ಡದು, ಕಾರ್ಬ್ಯುರೇಟರ್ ಎರಡು. ಇಷ್ಟೆಲ್ಲ ಇಟ್ಟು ಸಲೂನ್ ಕ್ಯಾಮ್ ಹಾಕಿದರೆ 3500 ಆರ್‌ಪಿಎಂ ಮೇಲೆ ಎಂಜಿನ್ ಉಸಿರುಗಟ್ಟುತ್ತದೆ. ಬೆರಕೆ ಎಂಜಿನ್‌ಗಳು ಸಪ್ಪೆ ಅನಿಸುವುದಕ್ಕೆ ನಾನು ನೋಡಿದ ಮಟ್ಟಿಗೆ ದೊಡ್ಡ ಕಾರಣ ಇದೇ. ಹೊರಗೆ ಎಲ್ಲ ಸ್ಪೋರ್ಟ್ಸ್, ಒಳಗೆ ಟ್ಯಾಕ್ಸಿ ಕ್ಯಾಮ್.

ಎಂಜಿಎ ಕ್ಯಾಮ್ ತರಿಸೋಣ ಅಂದರೆ ಇನ್ನೊಂದು ತೊಡಕು. ಎಂಜಿಎಯಲ್ಲಿ ಆರ್‌ಪಿಎಂ ಮೀಟರ್ ತಂತಿ ಕೇಬಲ್‌ನಿಂದ ಓಡುತ್ತದೆ. ಆ ಕೇಬಲ್‌ಗೆ ಚಾಲನೆ ಸಿಗುವುದು ಕ್ಯಾಮ್‌ಶಾಫ್ಟ್‌ನ ಹಿಂದಿನ ತುದಿಯ ಗೇರ್‌ನಿಂದ, ಬ್ಲಾಕ್‌ನ ಎಡಗಡೆ ಹಿಂಭಾಗದಲ್ಲಿ. ಅಂಬಾಸಿಡರ್‌ಗೆ ಆರ್‌ಪಿಎಂ ಮೀಟರೇ ಇಲ್ಲ, ನಮ್ಮ ಬ್ಲಾಕ್‌ನಲ್ಲಿ ಆ ಜಾಗ ಕೊರೆದೇ ಇರಲಿಲ್ಲ. ಹೊಸ ತೂತು ಕೊರೆಯುವುದು ಆಗದ ಕೆಲಸ ಅಲ್ಲ. ಆದರೆ ಗೇರ್ ಕೋನ ಒಂದು ಚೂರು ತಪ್ಪಿದರೂ ಕ್ಯಾಮ್ ಮೇಲಿನ ಹಲ್ಲು ಸವೆದು ಪುಡಿ ಆಯಿಲ್‌ಗೆ ಬೀಳುತ್ತದೆ. ಎಂಜಿಎಗಿಂತ ಹಿಂದಿನ ಎಂಜಿ ಟಿಡಿಯಲ್ಲಿದ್ದ ಹಾಗೆ ಡೈನಮೋ ಹಿಂದಿನಿಂದ ಕೇಬಲ್ ಓಡಿಸುವ ಯೋಚನೆಯೂ ಬಂತು. ಅದಕ್ಕೆ ತಕ್ಕ ಅನುಪಾತದ ಸಣ್ಣ ಗೇರ್‌ಬಾಕ್ಸ್ ಹುಡುಕಬೇಕು.

ಕೊನೆಗೆ ಗೇರ್ ಇಲ್ಲದ, ಎಂಜಿಎ ಪ್ರೊಫೈಲ್‌ನ ಹೊಸ ಕ್ಯಾಮ್ ತರಿಸಿದೆವು, ಕ್ಯಾಮ್ ಮೇಲೆ ಓಡುವ ಟ್ಯಾಪೆಟ್‌ಗಳೂ ಹೊಸವು. ಹಳೆಯ ಟ್ಯಾಪೆಟ್ ಮೇಲೆ ಹೊಸ ಕ್ಯಾಮ್ ಓಡಿಸಲೇಬಾರದು. ಆರ್‌ಪಿಎಂ ಮೀಟರ್‌ಗೆ ಕಾಯಿಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುವ ಎಲೆಕ್ಟ್ರಾನಿಕ್ ಯಂತ್ರವನ್ನು ಬೇರೆ ಡಬ್ಬಿಯೊಳಗೆ ಕೂರಿಸಿ, ಮೂಲದ ಹಾಗೇ ಕಾಣುವ ಮುಖ ಹಾಕಿಸಿದೆವು. ಮೂಲ ಜೇಗರ್ ಮೀಟರ್ ಬಿಚ್ಚದೆ ಇಟ್ಟಿದ್ದೇವೆ. ಡ್ಯಾಶ್‌ಬೋರ್ಡಿನಲ್ಲಿ ಸೂಜಿ ಮೊದಲಿಗಿಂತ ನೇರವಾಗಿ ನಿಲ್ಲುತ್ತದೆ, ಹಳೆಯದರ ಹಾಗೆ ನಡುಗುವುದಿಲ್ಲ. ಗೆಳೆಯನ ತಂದೆಗೆ ಅದೊಂದೇ ಬೇಸರ.

ಹೆಡ್ ಮತ್ತು ಕಾರ್ಬ್ಯುರೇಟರ್

ಎಂಜಿಎ ಭಾಗ ಕೊರೆಯಬಾರದು ಅನ್ನುವ ಮಾತನ್ನು ಒಂದೇ ಕಡೆ ಸಡಿಲಿಸಿದೆವು, ಅದು ಹೆಡ್‌ನಲ್ಲಿ. ಈ ಎರಕದ ಹೆಡ್‌ನಲ್ಲಿ ವಾಲ್ವ್ ಸೀಟ್ ಬೇರೆ ಅಲ್ಲ, ಹೆಡ್‌ನ ಲೋಹವೇ ಸೀಟ್. ಪೆಟ್ರೋಲ್‌ನ ಸೀಸವೇ ಆ ಸೀಟನ್ನು ಸವೆಯದಂತೆ ಕಾಪಾಡುತ್ತಿತ್ತು. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. ಎಕ್ಸಾಸ್ಟ್ ಸೀಟ್‌ಗಳು ಹೇಗೂ ಒಳಕ್ಕೆ ಇಳಿದಿದ್ದವು, ಅದಕ್ಕೆ ಗಟ್ಟಿ ಉಕ್ಕಿನ ಇನ್ಸರ್ಟ್ ಹಾಕಿಸಿದೆವು. ಹಾಕಿಸದಿದ್ದರೆ ಹೆಡ್ಡೇ ಉಳಿಯುವುದಿಲ್ಲ. ಇನ್ಲೆಟ್ ಮುಟ್ಟಲಿಲ್ಲ.

ಅದಕ್ಕೆ ಮೊದಲು ಬಿರುಕು ಪರೀಕ್ಷೆ ಮಾಡಿಸಿದ್ದೆವು. ಈ ಹೆಡ್‌ನಲ್ಲಿ ಎಕ್ಸಾಸ್ಟ್ ಬಾಯಿ ಮೂರೇ, ಮಧ್ಯದ್ದನ್ನು ಎರಡನೇ ಮತ್ತು ಮೂರನೇ ಸಿಲಿಂಡರ್ ಹಂಚಿಕೊಳ್ಳುತ್ತವೆ. ಶಾಖ ಜಾಸ್ತಿ ಸೇರುವುದು ಅಲ್ಲಿ. ನಮ್ಮದು ಚೆನ್ನಾಗಿತ್ತು, ಮುಖ ಸಮ ಆಗುವಷ್ಟು ಮಾತ್ರ ಉಜ್ಜಿಸಿದೆವು.

ಎಸ್‌ಯು ಕಾರ್ಬ್ಯುರೇಟರ್‌ಗಳಲ್ಲಿ ಥ್ರಾಟಲ್ ಶಾಫ್ಟ್ ಸವೆದು ಗಾಳಿ ಎಳೆಯುತ್ತಿತ್ತು. ಬುಷ್, ಶಾಫ್ಟ್, ಜೆಟ್ ಹೊಸದು, ಮೂಲದ ಜಿಎಸ್ ಸೂಜಿ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ, ಮಿಶ್ರಣವನ್ನೂ ತೆಳು ಮಾಡುತ್ತದೆ. ಪೈಪ್ ಎಲ್ಲ ಎಥನಾಲ್ ತಡೆಯುವಂಥದ್ದು ಹಾಕಿ, ಜೆಟ್ ಸ್ವಲ್ಪ ಕೆಳಗೆ ಇಳಿಸಿ ಮಿಶ್ರಣ ದಪ್ಪ ಮಾಡಿದೆವು. ಪ್ಲಗ್ ಬಣ್ಣ ಕಂದು ಬಂದ ಮೇಲೆ ಸಮಾಧಾನ ಆಯಿತು.

ಡಿಸ್ಟ್ರಿಬ್ಯೂಟರ್ ಅಂಬಾಸಿಡರ್‌ದು, ಲೂಕಾಸ್-ಟಿವಿಎಸ್. ಇಲ್ಲಿಯೂ ಸುಮ್ನೆ ಹಾಕಿ ಟೈಮಿಂಗ್ ಇಟ್ಟರೆ ಆಗುವುದಿಲ್ಲ. ಎಂಜಿಎಗೆ ನಿಂತಲ್ಲಿ ಕಿಡಿ 7 ಡಿಗ್ರಿ ಮುಂಗಡ. ಆಮೇಲೆ ವೇಗ ಏರಿದಂತೆ ಎಷ್ಟು ಏರಬೇಕು ಅನ್ನುವುದನ್ನು ಒಳಗಿನ ತೂಕ ಮತ್ತು ಸ್ಪ್ರಿಂಗ್ ನಿರ್ಧರಿಸುತ್ತವೆ. ಟ್ಯಾಕ್ಸಿಗೆ ಹೊಂದಿದ ಸ್ಪ್ರಿಂಗ್ ಇಲ್ಲಿ ಹೊಂದಲಿಲ್ಲ. ಸ್ಪ್ರಿಂಗ್ ಬದಲಾಯಿಸುತ್ತಾ ಟೈಮಿಂಗ್ ಲೈಟ್ ಹಿಡಿದು ನೋಡಿ, 3500 ಆರ್‌ಪಿಎಂ ಹೊತ್ತಿಗೆ ಒಟ್ಟು 32 ಡಿಗ್ರಿಗೆ ನಿಲ್ಲಿಸಿದೆವು.

ಓಡಿದಾಗ

ಪ್ಲಗ್ ತೆಗೆದು ಸ್ಟಾರ್ಟರ್‌ನಲ್ಲಿ ತಿರುಗಿಸಿ ಮೊದಲು ಆಯಿಲ್ ಪ್ರೆಷರ್ ಬರಿಸಿದೆವು. 20ಡಬ್ಲ್ಯೂ-50 ಆಯಿಲ್, ಜಿಂಕ್ ಜಾಸ್ತಿ ಇರುವಂಥದ್ದು, ಹೊಸ ಕ್ಯಾಮ್‌ಗೆ ಅದು ಬೇಕೇ ಬೇಕು. ಸ್ಟಾರ್ಟ್ ಆದ ಕೂಡಲೇ ಐಡಲ್‌ಗೆ ಬಿಡದೆ 2000 ಆರ್‌ಪಿಎಂ ಆಸುಪಾಸಿನಲ್ಲಿ 20 ನಿಮಿಷ ಓಡಿಸಿದೆವು. ಕ್ಯಾಮ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿಕೊಳ್ಳುವುದು ಆ ಹೊತ್ತಿನಲ್ಲೇ, ಐಡಲ್‌ನಲ್ಲಿ ಅಲ್ಲಿಗೆ ಆಯಿಲ್ ಸಾಕಷ್ಟು ಚಿಮ್ಮುವುದಿಲ್ಲ. ತಣ್ಣಗಾದ ಮೇಲೆ ಹೆಡ್ ನಟ್‌ಗಳನ್ನು ಮತ್ತೆ 50 ಪೌಂಡ್-ಅಡಿಗೆ ನೋಡಿ, ಎಂಜಿನ್ ಬಿಸಿ ಮಾಡಿ ಟ್ಯಾಪೆಟ್ ಸಂದು 17 ಥೌಗೆ ಇಟ್ಟೆವು.

ರನ್ನಿಂಗ್ ಇನ್ ಮುಗಿದ ಮೇಲೆ ಬಿಸಿಯಲ್ಲಿ ಓಡುವಾಗ ಆಯಿಲ್ ಪ್ರೆಷರ್ 50 ಪಿಎಸ್‌ಐಗಿಂತ ಇಳಿಯುತ್ತಿಲ್ಲ, ಐಡಲ್‌ನಲ್ಲಿ 20. ನಾಲ್ಕೂ ಸಿಲಿಂಡರ್ ಕಂಪ್ರೆಷನ್ ಒಂದಕ್ಕೊಂದು ಐದಾರು ಪಿಎಸ್‌ಐ ಒಳಗೇ ಇವೆ. ಹೊಸದಾಗಿದ್ದಾಗ ಎಂಜಿಎ 1500ಕ್ಕೆ 68 ಎಚ್‌ಪಿ, ಸ್ವಲ್ಪ ಸಮಯದಲ್ಲೇ 72 ಎಚ್‌ಪಿ ಅಂತ ಕಂಪನಿ ಹೇಳಿತ್ತು. ನಾವು ಶಕ್ತಿ ಅಳೆಯುವ ಡೈನೋ ಮೇಲೆ ಹಾಕಿಲ್ಲ. ಆದರೆ ನಂದಿ ಬೆಟ್ಟದ ತಿರುವುಗಳಲ್ಲಿ ಮೂರನೇ ಗೇರ್‌ನಲ್ಲಿ 4500ರವರೆಗೆ ಸಲೀಸಾಗಿ ಏರುತ್ತದೆ, ಎಲ್ಲೂ ತಡವರಿಸುವುದಿಲ್ಲ. ಕ್ಯಾಮ್‌ಗೂ ಪಿಸ್ಟನ್‌ಗೂ ಸುರಿದ ಹಣ ಅಲ್ಲಿ ಗೊತ್ತಾಗುತ್ತದೆ. ಹಿಂದಿನ ಸುರುಳಿಯಿಂದ ನಿಂತಾಗ ಕೆಲವು ಹನಿ ಬೀಳುತ್ತದೆ. ಅದು ಈ ವಿನ್ಯಾಸದ ಗುಣ, ಕ್ಲಚ್ ಒದ್ದೆ ಆಗದಿದ್ದರೆ ಸಾಕು. ಬೆಂಗಳೂರು ಟ್ರಾಫಿಕ್‌ನಲ್ಲಿ ಟೆಂಪರೇಚರ್ ಏರುತ್ತದೆ, ರೇಡಿಯೇಟರ್ ಕೋರ್ ಬದಲಾಯಿಸಬೇಕಿದೆ.

ಕಾಗದದ ಕೆಲಸ

ಬಿ-ಸೀರೀಸ್‌ನಲ್ಲಿ ಎಂಜಿನ್ ನಂಬರ್ ಒಂದು ಪುಟ್ಟ ಪ್ಲೇಟ್ ಮೇಲೆ ಇರುತ್ತದೆ, ಅದನ್ನು ಬ್ಲಾಕ್‌ಗೆ ರಿವೆಟ್ ಮಾಡಿರುತ್ತಾರೆ. ಹಳೆಯ ಬ್ಲಾಕ್‌ನಿಂದ ಕಿತ್ತು ಹೊಸದಕ್ಕೆ ಹೊಡೆದರೆ ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಸಲಹೆ ಒಂದಲ್ಲ ಎರಡು ಕಡೆಯಿಂದ ಬಂತು. ಮಾಡಬೇಡಿ. ಕಾನೂನು ಪ್ರಕಾರ ತಪ್ಪು ಅನ್ನುವುದು ಒಂದು. ಮುಂದೆ ಈ ಕಾರು ಕೊಳ್ಳುವವನಿಗೆ, ರಿಪೇರಿ ಮಾಡುವವನಿಗೆ ಒಳಗೆ ಏನಿದೆ ಅಂತ ತಪ್ಪು ಮಾಹಿತಿ ಕೊಟ್ಟ ಹಾಗೆ ಅನ್ನುವುದು ಇನ್ನೊಂದು. ಪ್ಲೇಟ್ ಮೂಲ ಬ್ಲಾಕ್ ಮೇಲೇ ಇದೆ. ಎಂಜಿನ್ ಬದಲಾದದ್ದನ್ನು ಆರ್‌ಸಿಯಲ್ಲಿ ಸೇರಿಸಲು ಗೆಳೆಯ ಅರ್ಜಿ ಹಾಕಿದ್ದಾನೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ತಂದಿತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ನಂಬರ್‌ನಲ್ಲಿ ವಿಎ ಅಕ್ಷರ ಬರುತ್ತದೆ. ಆದರೆ ಕಾರು ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಅಂತ ನಿಯಮ. ಅಂಬಾಸಿಡರ್ ಬ್ಲಾಕ್ ಇಟ್ಟುಕೊಂಡು ಅದಕ್ಕೆ ಅರ್ಜಿ ಹಾಕುವುದು ಸರಿ ಅನಿಸಲಿಲ್ಲ. ಸದ್ಯ ಮಾಮೂಲಿ ನೋಂದಣಿಯಲ್ಲೇ ಕಾರು ಓಡುತ್ತಿದೆ.

ಒಡೆದ ಬ್ಲಾಕ್‌ನ ತೂತಿಗೆ ಎರಕದ ತುಂಡು ಕೂರಿಸಿ ಮೆಟಲ್ ಸ್ಟಿಚಿಂಗ್ ಮಾಡಿಸುವ ಮಾತು ನಡೆದಿದೆ. ಬಿಸಿ ವೆಲ್ಡಿಂಗ್ ಅಲ್ಲ, ತಣ್ಣಗೇ ಕೊರೆದು ಪಿನ್ ಮತ್ತು ಕೊಂಡಿ ಹೊಡೆದು ಹೊಲಿಯುವ ವಿಧಾನ, ಹಾಗಾಗಿ ಎರಕ ತಿರುಚುವುದಿಲ್ಲ. ಮೂರನೇ ಸಿಲಿಂಡರ್ ಒಳಗೆ ಸ್ಲೀವ್ (ಹೊಸ ಕೊಳವೆ) ಬೇಕು. ಮಧ್ಯದ ಕ್ಯಾಪ್ ಅದರ ಜಾಗಕ್ಕೆ ವಾಪಸ್ ಹೋಗಿ ಕೂತಿದೆ, ಬಿಗಿದು ಅಳೆದರೆ ಮೂರೂ ಗೂಡು ಇನ್ನೂ ನೇರ ಇವೆ. ಆ ಬ್ಲಾಕ್‌ಗೆ ಲೈನ್ ಬೋರಿಂಗ್ ಬೇಕಾಗಿಲ್ಲ.